ಬ್ರೌಸರ್‌ಗೆ ತಿಂಗಳಿಗೆ 450 ರೂಪಾಯಿ: ಕೊಡಬೇಕಾ, ಬೇಡವಾ?

ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ಬೀದಿಯಲ್ಲೇ ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ. ಬೆಳಗಿನ ವಾಕಿಂಗ್ ಮುಗಿಸಿ ಪಾರ್ಕಿನ ಕಲ್ಲುಬೆಂಚಿನ ಮೇಲೆ ಕೂತರೆ, ಫೋನ್ ತೆಗೆದು ಒಂದಲ್ಲ ಒಂದು ಪ್ರಶ್ನೆ ಕೇಳುತ್ತಾರೆ. ಹೋದ ವಾರ ಕೇಳಿದ್ದು ಬ್ರೌಸರ್ ಬಗ್ಗೆ.

"ನಮ್ಮ ಸೊಸೆ ಅದಕ್ಕೆ ತಿಂಗಳು ತಿಂಗಳು ದುಡ್ಡು ಕಟ್ತಾಳಂತೆ ಕಣಪ್ಪ. ನನ್ನ ಫೋನಲ್ಲಿ ಪುಕ್ಕಟೆ ಬಂದಿದೆಯಲ್ಲ, ಅವಳು ಯಾಕೆ ಕಟ್ಟಬೇಕು? ದುಡ್ಡು ಕೊಟ್ರೆ ಈ ಜಾಹೀರಾತಿನ ಕಾಟ ನಿಲ್ಲುತ್ತಾ?"

ಅವರ ಸೊಸೆ ಇಲ್ಲೇ ಹೆಬ್ಬಾಳದ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಮಾಡುತ್ತಾರೆ. ಮೇಷ್ಟ್ರಿಗೆ ಅಲ್ಲೇ ಅರ್ಧ ಉತ್ತರ ಕೊಟ್ಟೆ. ಆಮೇಲೆ ಯೋಚಿಸಿದೆ. ಇದು ಅವರೊಬ್ಬರ ಪ್ರಶ್ನೆ ಅಲ್ಲ. ಕಳೆದ ವರ್ಷದಿಂದ ಎಐ ಬ್ರೌಸರ್‌ಗಳ ಮಾತು ಎಲ್ಲ ಕಡೆ ಕೇಳುತ್ತಿದೆ. 'ಪ್ರೋ ತಗೊಳ್ಳಿ', 'ಪ್ಲಸ್ ತಗೊಳ್ಳಿ' ಅನ್ನುವ ಕರೆ ಸ್ಕ್ರೀನ್ ಮೇಲೆ ಬರುತ್ತಿದೆ. ಹಾಗಾಗಿ ಪೂರ್ತಿ ಉತ್ತರವನ್ನು ಬುಡದಿಂದ ಬರೆಯುತ್ತಿದ್ದೇನೆ.

## ಮೊದಲು, ಬ್ರೌಸರ್ ಅಂದರೆ ಯಾವುದು?

ತುಂಬ ಜನ ಗೂಗಲ್ ಅಂದರೇ ಇಂಟರ್ನೆಟ್ ಅಂದುಕೊಂಡಿದ್ದಾರೆ. ತಪ್ಪೇನಿಲ್ಲ, ಫೋನ್ ಬಂದಾಗಿನಿಂದ ಕಂಡದ್ದೇ ಹಾಗೆ. ಆದರೆ ಎರಡನ್ನೂ ಬೇರೆ ಮಾಡಿ ನೋಡಬೇಕು. ಜಾಲತಾಣಗಳನ್ನು ತೆರೆದು ತೋರಿಸುವ ಆ್ಯಪ್‌ಗೆ ಬ್ರೌಸರ್ ಅನ್ನುತ್ತಾರೆ. ಕ್ರೋಮ್, ಫೈರ್‌ಫಾಕ್ಸ್, ಸಫಾರಿ, ಎಡ್ಜ್, ಬ್ರೇವ್ ಎಲ್ಲ ಬ್ರೌಸರ್‌ಗಳು. 'ಮಂಡ್ಯ ಕಬ್ಬಿನ ದರ' ಅಂತ ಬರೆದಾಗ ಅದು ಎಲ್ಲಿ ಸಿಗುತ್ತದೆ ಅಂತ ಹುಡುಕಿ ಕೊಡುವುದು ಸರ್ಚ್ ಎಂಜಿನ್. ಗೂಗಲ್, ಬಿಂಗ್, ಡಕ್‌ಡಕ್‌ಗೋ ಈ ಜಾತಿಯವು. ಬ್ರೌಸರ್ ಬಸ್ಸು ಇದ್ದ ಹಾಗೆ, ಸರ್ಚ್ ಎಂಜಿನ್ ದಾರಿ ಹೇಳುವವನ ಹಾಗೆ. ಕ್ರೋಮ್ ಬಸ್ಸೂ ಗೂಗಲ್‌ನದ್ದೇ, ದಾರಿ ಹೇಳುವವನೂ ಗೂಗಲ್‌ನವನೇ. ಅದಕ್ಕೇ ನಮಗೆ ಎರಡೂ ಒಂದೇ ಅನ್ನಿಸುವುದು.

ಬ್ರೌಸರ್ ಮಾಡುವ ಕೆಲಸ ಸಣ್ಣದಲ್ಲ. ನೀವು ವಿಳಾಸ ಒತ್ತಿದ ತಕ್ಷಣ ಎಲ್ಲೋ ದೂರದ ಕಂಪ್ಯೂಟರ್‌ಗೆ ಕೇಳಿ, ಅಲ್ಲಿಂದ ಬರುವ ಕೋಡ್ ಓದಿ, ಅಕ್ಷರ, ಚಿತ್ರ, ವಿಡಿಯೊ ಎಲ್ಲವನ್ನೂ ಜಾಗಕ್ಕೆ ಸರಿಯಾಗಿ ಕೂರಿಸುತ್ತದೆ. ಈ ಕೆಲಸ ಮಾಡುವ ಒಳಗಿನ ಯಂತ್ರಕ್ಕೂ 'ಎಂಜಿನ್' ಅಂತಲೇ ಹೆಸರು. ಈಗ ಜಗತ್ತಿನಲ್ಲಿ ದೊಡ್ಡ ಎಂಜಿನ್‌ಗಳು ಮೂರೇ. ಗೂಗಲ್ ನಡೆಸುವ ಬ್ಲಿಂಕ್, ಆಪಲ್‌ನ ವೆಬ್‌ಕಿಟ್, ಮೊಜಿಲ್ಲಾದ ಗೆಕ್ಕೊ.

ಮಂಡ್ಯ ಕಡೆಯ ಆಲೆಮನೆ ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಒಂದೇ ಕೊಪ್ಪರಿಗೆಯಲ್ಲಿ ಕಾದ ಪಾಕ. ಅಚ್ಚಿಗೆ ಸುರಿದರೆ ಅಚ್ಚು ಬೆಲ್ಲ, ಬಕೆಟ್‌ಗೆ ಸುರಿದರೆ ಬಕೆಟ್ ಬೆಲ್ಲ, ಕೈಯಲ್ಲಿ ಕಟ್ಟಿದರೆ ಉಂಡೆ ಬೆಲ್ಲ. ಮಂಡಿಯಲ್ಲಿ ಹೆಸರು ಬೇರೆ, ದರ ಬೇರೆ, ಪಾಕ ಅದೇ. ಕ್ರೋಮ್, ಎಡ್ಜ್, ಬ್ರೇವ್, ಒಪೆರಾ, ವಿವಾಲ್ಡಿ ಎಲ್ಲವೂ ಬ್ಲಿಂಕ್ ಕೊಪ್ಪರಿಗೆಯಿಂದ ಬಂದವು. ಕ್ರೋಮಿಯಂ ಅನ್ನುವ ಮುಕ್ತ ತಂತ್ರಾಂಶವನ್ನು ಯಾರು ಬೇಕಾದರೂ ತೆಗೆದುಕೊಂಡು ತಮ್ಮ ಅಚ್ಚಿಗೆ ಸುರಿಯಬಹುದು. ದುಡ್ಡು ಕೇಳುವ ಹೊಸ ಬ್ರೌಸರ್‌ಗಳಲ್ಲೂ ಬಹುಪಾಲು ಅದೇ ಪಾಕ. ಆದ್ದರಿಂದ 'ದುಡ್ಡು ಕೊಟ್ಟರೆ ಪುಟ ಬೇಗ ತೆರೆಯುತ್ತೆ' ಅನ್ನುವ ಮಾತನ್ನು ಸುಮ್ನೆ ನಂಬಬೇಡಿ. ಎಂಜಿನ್ ಒಂದೇ ಆದಾಗ ವೇಗದಲ್ಲಿ ದೊಡ್ಡ ವ್ಯತ್ಯಾಸ ಬರುವುದು ಜಾಹೀರಾತು ತಡೆಯುವುದರಿಂದ. ಆ ಕೆಲಸ ಪುಕ್ಕಟೆಯಲ್ಲೂ ಆಗುತ್ತದೆ.

## ಹಿಂದೆ ಬ್ರೌಸರ್‌ಗೆ ದುಡ್ಡು ಇತ್ತು

ಬ್ರೌಸರ್‌ಗೆ ದುಡ್ಡು ಕೇಳುವುದು ಹೊಸದಲ್ಲ. ಟಿಮ್ ಬರ್ನರ್ಸ್-ಲೀ 1990ರಲ್ಲಿ ಮೊದಲ ಬ್ರೌಸರ್ ಬರೆದಾಗ ಅದು ವಿಜ್ಞಾನಿಗಳ ಉಪಯೋಗದ್ದು. 1994ರ ಕೊನೆಗೆ ಬಂದ ನೆಟ್‌ಸ್ಕೇಪ್ ಅದನ್ನು ವ್ಯಾಪಾರ ಮಾಡಿತು. ವಿದ್ಯಾರ್ಥಿಗಳಿಗೆ ಪುಕ್ಕಟೆ, ಕಂಪನಿಗಳು ಪರವಾನಗಿ ಕೊಳ್ಳಬೇಕಿತ್ತು. ನಮ್ಮ ದೇಶದಲ್ಲಿ ಜನಸಾಮಾನ್ಯರಿಗೆ ಇಂಟರ್ನೆಟ್ ಬಂದದ್ದು 1995ರ ಆಗಸ್ಟ್ 15ರಂದು. ಅದೇ ತಿಂಗಳು ಮೈಕ್ರೋಸಾಫ್ಟ್ ತನ್ನ ಇಂಟರ್ನೆಟ್ ಎಕ್ಸ್‌ಪ್ಲೋರರ್ ಹೊರತಂದಿತು. ಆಮೇಲೆ ಅದನ್ನು ವಿಂಡೋಸ್ ಜತೆಗೇ ಕೊಡತೊಡಗಿತು.

ಪಕ್ಕದ ಅಂಗಡಿಯಲ್ಲಿ ಪುಕ್ಕಟೆ ಸಿಗುವಾಗ ದುಡ್ಡು ಕೊಟ್ಟು ಯಾರು ತರುತ್ತಾರೆ? 1998ರ ಜನವರಿಯಲ್ಲಿ ನೆಟ್‌ಸ್ಕೇಪ್ ಕೂಡ ಪುಕ್ಕಟೆ ಆಯಿತು. ಅದರ ಕೋಡ್‌ನಿಂದಲೇ ಮೊಜಿಲ್ಲಾ ಹುಟ್ಟಿತು, ಮುಂದೆ ಫೈರ್‌ಫಾಕ್ಸ್ ಬಂತು. ನಾರ್ವೆಯ ಒಪೆರಾ ತುಂಬ ವರ್ಷ ಹಟ ಹಿಡಿದು ಮಾರಿತು. ಮೊದಲು ಬೆಲೆ ಇಟ್ಟಿತು, ಆಮೇಲೆ 'ಜಾಹೀರಾತು ನೋಡಿ, ಇಲ್ಲ ದುಡ್ಡು ಕೊಡಿ' ಅಂದಿತು. 2005ರಲ್ಲಿ ಎರಡನ್ನೂ ಬಿಟ್ಟಿತು. 2008ರಲ್ಲಿ ಕ್ರೋಮ್ ಬಂತು. ಅಷ್ಟು ಹೊತ್ತಿಗೆ ಬ್ರೌಸರ್ ಅಂದರೆ ಪುಕ್ಕಟೆ ಅನ್ನುವುದು ಎಲ್ಲರ ಮನಸ್ಸಿನಲ್ಲೂ ಕೂತುಬಿಟ್ಟಿತ್ತು.

## ಹಾಗಾದರೆ ಪುಕ್ಕಟೆ ಬ್ರೌಸರ್‌ನ ಖರ್ಚು ಯಾರದ್ದು?

ಕೋಟಿಗಟ್ಟಲೆ ಸಾಲು ಕೋಡ್, ಸಾವಿರಾರು ಎಂಜಿನಿಯರ್‌ಗಳು, ವಾರ ವಾರ ಭದ್ರತಾ ರಿಪೇರಿ. ಇದಕ್ಕೆಲ್ಲ ದುಡ್ಡು ಎಲ್ಲಿಂದ ಬರುತ್ತದೆ? ಮೇಷ್ಟ್ರಿಗೂ ಇದೇ ಆಶ್ಚರ್ಯ.

ರಾತ್ರಿ ಬಸ್ಸಿನಲ್ಲಿ ದೂರದ ಊರಿಗೆ ಹೋದವರು ಇದನ್ನು ಗಮನಿಸಿರುತ್ತೀರಿ. ಬಸ್ಸು ಊಟಕ್ಕೆ ನಿಲ್ಲುವುದು ಒಂದೇ ಹೋಟೆಲಿನಲ್ಲಿ. ಡ್ರೈವರ್, ಕಂಡಕ್ಟರ್‌ಗೆ ಒಳಗೆ ಬೇರೆ ಟೇಬಲ್, ಬಿಲ್ಲಿಲ್ಲ. ಯಾಕೆ? ಅವರು ನಲವತ್ತು ಜನ ಹಸಿದವರನ್ನು ಕರೆತಂದಿದ್ದಾರೆ. ಪ್ರಯಾಣಿಕರಿಗೆ ಯಾರೂ ಒತ್ತಾಯ ಮಾಡುವುದಿಲ್ಲ. ರಸ್ತೆ ದಾಟಿ ಇನ್ನೊಂದು ಹೋಟೆಲಿಗೆ ಹೋಗಬಹುದು. ಆದರೆ ಹತ್ತು ನಿಮಿಷದ ನಿಲುಗಡೆಯಲ್ಲಿ ಯಾರು ಹೋಗುತ್ತಾರೆ?

ಬ್ರೌಸರ್‌ನ ದುಡ್ಡು ಮುಖ್ಯವಾಗಿ ಹೀಗೇ ಬರುತ್ತದೆ. ಹೊಸ ಫೋನ್ ತೆರೆದು ಹುಡುಕುವ ಜಾಗದಲ್ಲಿ ಏನೋ ಬರೆಯುತ್ತೀರಿ. ಅದು ನೇರವಾಗಿ ಒಂದು ಸರ್ಚ್ ಎಂಜಿನ್‌ಗೆ ಹೋಗುತ್ತದೆ. ಯಾವುದಕ್ಕೆ ಅಂತ ಮೊದಲೇ ನಿಗದಿಯಾಗಿರುತ್ತದೆ. ಇದಕ್ಕೆ 'ಡಿಫಾಲ್ಟ್' ಅನ್ನುತ್ತಾರೆ, ಅಂದರೆ ನೀವು ಬದಲಾಯಿಸದಿದ್ದರೆ ಇರುವ ಆಯ್ಕೆ. ಆ ಜಾಗದಲ್ಲಿ ಕೂರಲು ಸರ್ಚ್ ಕಂಪನಿ ಬ್ರೌಸರ್ ಮಾಡುವವರಿಗೆ ದುಡ್ಡು ಕೊಡುತ್ತದೆ.

ಎಷ್ಟು ದುಡ್ಡು? ಅಮೆರಿಕದ ಸರ್ಕಾರ ಗೂಗಲ್ ಮೇಲೆ ಹೂಡಿದ ಏಕಸ್ವಾಮ್ಯದ ಮೊಕದ್ದಮೆಯಲ್ಲಿ ಲೆಕ್ಕ ಹೊರಗೆ ಬಂತು. 2021ರ ಒಂದೇ ವರ್ಷ ಇಂಥ ಡಿಫಾಲ್ಟ್ ಜಾಗಗಳಿಗೆ ಗೂಗಲ್ ಕೊಟ್ಟದ್ದು 2,630 ಕೋಟಿ ಡಾಲರ್. 2022ರಲ್ಲಿ ಆಪಲ್ ಒಂದಕ್ಕೇ 2,000 ಕೋಟಿ ಡಾಲರ್. ಡಾಲರ್‌ಗೆ 90 ರೂಪಾಯಿ ಹಿಡಿದರೆ 1 ಲಕ್ಷ 80 ಸಾವಿರ ಕೋಟಿ ರೂಪಾಯಿ. ನಮ್ಮ ಕರ್ನಾಟಕದ 2025-26ರ ಇಡೀ ಬಜೆಟ್ 4 ಲಕ್ಷ 9 ಸಾವಿರ ಕೋಟಿ. ಆಪಲ್‌ನ ಬ್ರೌಸರ್ ಸಫಾರಿಯ ಹುಡುಕುವ ಪಟ್ಟಿಯಲ್ಲಿ ಒಂದು ವರ್ಷ ಕೂರುವುದಕ್ಕೆ ಅದರ ಐದರಲ್ಲಿ ಎರಡು ಪಾಲಿಗಿಂತ ಜಾಸ್ತಿ!

ಅಷ್ಟು ಕೊಟ್ಟರೂ ಗಿಟ್ಟುತ್ತದಾ ಅನ್ನಿಸಬಹುದು. ದಶಪಥ ನೆನಪಿಸಿಕೊಳ್ಳಿ. 2023ರ ಮಾರ್ಚ್‌ನಲ್ಲಿ ಬೆಂಗಳೂರು-ಮೈಸೂರು ಹೊಸ ಹೆದ್ದಾರಿ ಉದ್ಘಾಟನೆಯಾಯಿತು. ವಾಹನಗಳು ಊರ ಹೊರಗಿನಿಂದಲೇ ಹೋಗತೊಡಗಿದವು. ಮದ್ದೂರಿನ ಹಳೇ ರಸ್ತೆಯ ಹೋಟೆಲ್‌ಗಳ ವ್ಯಾಪಾರ ಬಿತ್ತು. ವಡೆಯ ರುಚಿ ಕೆಡಲಿಲ್ಲ, ಜನ ಹಾದುಹೋಗುವ ದಾರಿ ಬದಲಾಯಿತು, ಅಷ್ಟೇ. ದಾರಿ ಯಾರ ಕೈಯಲ್ಲಿದೆ ಅನ್ನುವುದರ ಬೆಲೆ ಅದು.

ಆ ಮೊಕದ್ದಮೆಯಲ್ಲಿ ಗೂಗಲ್ ಕಾನೂನು ಮೀರಿ ಏಕಸ್ವಾಮ್ಯ ಕಾಪಾಡಿಕೊಂಡಿದೆ ಅಂತ 2024ರ ಆಗಸ್ಟ್‌ನಲ್ಲಿ ತೀರ್ಪು ಬಂತು. 2025ರ ಸೆಪ್ಟೆಂಬರ್‌ನಲ್ಲಿ ಪರಿಹಾರದ ಆದೇಶ ಬಂತು. ಕ್ರೋಮ್ ಮಾರಬೇಕಿಲ್ಲ, ಡಿಫಾಲ್ಟ್‌ಗೆ ದುಡ್ಡು ಕೊಡುವುದನ್ನೂ ಪೂರ್ತಿ ನಿಲ್ಲಿಸಬೇಕಿಲ್ಲ, ಆದರೆ 'ನಾನೊಬ್ಬನೇ ಇರಬೇಕು' ಅನ್ನುವ ಒಪ್ಪಂದ ಮಾಡುವಂತಿಲ್ಲ ಅಂತ ನ್ಯಾಯಾಧೀಶರು ಹೇಳಿದರು.

ಫೈರ್‌ಫಾಕ್ಸ್ ಲಾಭಕ್ಕಾಗಿ ಕೆಲಸ ಮಾಡದ ಪ್ರತಿಷ್ಠಾನದ ನೆರಳಿನಲ್ಲಿದೆ. ಆದರೂ ಅದರ ಆದಾಯದ ಬಹುಪಾಲು ಇದೇ ಡಿಫಾಲ್ಟ್ ಒಪ್ಪಂದದಿಂದ, ಅದೂ ಗೂಗಲ್‌ನಿಂದಲೇ ಬರುತ್ತದೆ. ಬ್ರೇವ್ ತನ್ನದೇ ಜಾಹೀರಾತು ಜಾಲ ನಡೆಸುತ್ತದೆ, ಇಂಟರ್ನೆಟ್ ಸಂಪರ್ಕವನ್ನು ಮರೆಮಾಡುವ ವಿಪಿಎನ್ ಸೇವೆ ಮಾರುತ್ತದೆ. ವಿವಾಲ್ಡಿಗೆ ಸರ್ಚ್ ಕಂಪನಿಗಳು ಮತ್ತು ಮೊದಲೇ ಇಟ್ಟುಕೊಡುವ ಬುಕ್‌ಮಾರ್ಕ್‌ಗಳಿಂದ ದುಡ್ಡು. ಕ್ರೋಮ್ ಗೂಗಲ್‌ನ ಸ್ವಂತ ಬಸ್ಸಾದ್ದರಿಂದ ಸ್ವಂತ ಹೋಟೆಲಿನ ಮುಂದೆಯೇ ನಿಲ್ಲುತ್ತದೆ. ಗೂಗಲ್‌ನ ಮಾತೃಸಂಸ್ಥೆ ಆಲ್ಫಾಬೆಟ್‌ನ ಆದಾಯದಲ್ಲಿ ಸುಮಾರು ನಾಲ್ಕರಲ್ಲಿ ಮೂರು ಪಾಲು ಜಾಹೀರಾತಿನದ್ದೇ.

## ನಮ್ಮನ್ನು ಹಿಂಬಾಲಿಸುವುದು ಅಂದರೆ ಹೇಗೆ?

ದೇವರಾಜ ಮಾರುಕಟ್ಟೆಗೆ ಹೋಗಿದ್ದೀರಿ ಅಂದುಕೊಳ್ಳಿ. ಹೂವಿನ ಸಾಲಿನಲ್ಲಿ ಹತ್ತು ಮೊಳ ಮಲ್ಲಿಗೆಗೆ ಹೇಳಿದಿರಿ. ಪಕ್ಕದಲ್ಲಿ ವೀಳ್ಯದೆಲೆ ಕಟ್ಟು ತಗೊಂಡಿರಿ. ಆಮೇಲೆ ಬಾಳೆಹಣ್ಣಿನ ಗೊನೆ, ಅರಿಶಿನ ಕುಂಕುಮ. ಒಬ್ಬೊಬ್ಬ ಅಂಗಡಿಯವರಿಗೂ ತಮ್ಮಲ್ಲಿ ಕೊಂಡದ್ದು ಮಾತ್ರ ಗೊತ್ತು. ಹೂವಿನವರು ನಿಮ್ಮ ಮುಖ ನೆನಪಿಟ್ಟುಕೊಂಡು ಮುಂದಿನ ಸಲ 'ಬನ್ನಿ ಅಕ್ಕಾ' ಅಂದರೆ ಅದು ನಿಮಗೂ ಅನುಕೂಲವೇ. ಜಾಲತಾಣ ನಿಮ್ಮ ಬ್ರೌಸರ್‌ನಲ್ಲಿ ಬಿಡುವ ಸಣ್ಣ ಗುರುತಿನ ಚೀಟಿಗೆ 'ಕುಕೀ' ಅನ್ನುತ್ತಾರೆ. ಅದಿರುವುದರಿಂದಲೇ ಪ್ರತಿ ಪುಟಕ್ಕೂ ಪಾಸ್‌ವರ್ಡ್ ಹಾಕಬೇಕಾಗಿಲ್ಲ.

ಈಗ ಪ್ರತಿ ಅಂಗಡಿಯ ಮೂಲೆಯಲ್ಲೂ ಒಂದೇ ಕಂಪನಿಯ ಒಬ್ಬ ಮನುಷ್ಯ ಪುಸ್ತಕ ಹಿಡಿದು ನಿಂತಿದ್ದಾನೆ ಅಂತ ಯೋಚಿಸಿ. ಮಲ್ಲಿಗೆ, ವೀಳ್ಯದೆಲೆ, ಬಾಳೆಗೊನೆ ಎಲ್ಲ ಒಂದೇ ಹೆಸರಿನ ಕೆಳಗೆ ಬರೆದುಕೊಂಡ. ಇವರ ಮನೆಯಲ್ಲಿ ಮದುವೆ ಅಂತ ಗೊತ್ತಾಯಿತು. ನೀವು ಸಯ್ಯಾಜಿರಾವ್ ರಸ್ತೆಗೆ ಕಾಲಿಡುವಷ್ಟರಲ್ಲಿ ರೇಷ್ಮೆ ಸೀರೆಯವರು, ಕಲ್ಯಾಣ ಮಂಟಪದವರು, ಸಾಲ ಕೊಡುವವರು ಎದುರಿಗೆ ನಿಂತರು. ಈ ಪುಸ್ತಕ ಹಿಡಿದವನೇ 'ಮೂರನೆಯವರ ಕುಕೀ', ಅಂದರೆ ಥರ್ಡ್ ಪಾರ್ಟಿ ಕುಕೀ. ನೀವು ತೆರೆದ ತಾಣಕ್ಕೆ ಸೇರದ ಬೇರೆ ಕಂಪನಿ ಅಲ್ಲಿ ಬಿಟ್ಟ ಚೀಟಿ.

ಅವನನ್ನು ಹೊರಗೆ ಕಳಿಸುವ ಶಕ್ತಿ ಬ್ರೌಸರ್‌ಗಿದೆ. ಸಫಾರಿ 2020ರಿಂದ ಇಂಥ ಕುಕೀಗಳನ್ನು ಪೂರ್ತಿ ತಡೆಯುತ್ತದೆ. ಫೈರ್‌ಫಾಕ್ಸ್ 2022ರಿಂದ ಪ್ರತಿ ತಾಣದ ಕುಕೀಯನ್ನೂ ಬೇರೆ ಬೇರೆ ಡಬ್ಬಿಯಲ್ಲಿ ಇಡುತ್ತದೆ, ಒಂದರ ಪುಸ್ತಕ ಇನ್ನೊಂದಕ್ಕೆ ಸೇರುವುದಿಲ್ಲ. ಬ್ರೇವ್ ತಾನಾಗಿಯೇ ತಡೆಯುತ್ತದೆ. ಕ್ರೋಮ್ 2020ರಲ್ಲಿ 'ತೆಗೆಯುತ್ತೇವೆ' ಅಂದಿತು. ವರ್ಷ ವರ್ಷ ಮುಂದೂಡಿ ಕೊನೆಗೆ ಕೈಬಿಟ್ಟಿತು. ಬೇಡವಾದರೆ ನಾವೇ ಹೋಗಿ ಆಫ್ ಮಾಡಿಕೊಳ್ಳಬೇಕು. ಜಗತ್ತಿನಲ್ಲಿ ಮೂರರಲ್ಲಿ ಸುಮಾರು ಎರಡು ಪಾಲು ಬಳಕೆ ಕ್ರೋಮ್‌ನದ್ದು, ಹಾಗಾಗಿ ಇದು ಸಣ್ಣ ವಿಷಯ ಅಲ್ಲ.

ಇಲ್ಲಿ ಗಮನಿಸಿ. ಹಿಂಬಾಲಿಸುವವರನ್ನು ತಡೆಯುವ ಈ ಮೂರೂ ಬ್ರೌಸರ್‌ಗಳು ಪುಕ್ಕಟೆಯವೇ.

## ದುಡ್ಡು ಕೇಳುವವರು ಏನು ಕೊಡುತ್ತಾರೆ?

ಇವರಲ್ಲಿ ಎರಡು ಬಗೆ. ಮೊದಲನೆಯವರು 'ನಿಮ್ಮ ದುಡ್ಡೇ ನಮ್ಮ ಆದಾಯ, ಬೇರೆ ಯಾರ ಹಂಗೂ ಇಲ್ಲ' ಅನ್ನುವವರು. ಓರಿಯನ್ ಅನ್ನುವ ಬ್ರೌಸರ್ ಈ ಜಾತಿಯದ್ದು. ದುಡ್ಡು ಕೊಟ್ಟು ಬಳಸುವ ಕಾಗಿ ಎಂಬ ಸರ್ಚ್ ಎಂಜಿನ್‌ನವರೇ ಇದನ್ನೂ ಮಾಡುತ್ತಾರೆ. ಆಪಲ್‌ನ ವೆಬ್‌ಕಿಟ್ ಎಂಜಿನ್ ಮೇಲೆ ಕಟ್ಟಿದ್ದಾರೆ. ಮುಖ್ಯವಾಗಿ ಮ್ಯಾಕ್, ಐಫೋನ್, ಐಪ್ಯಾಡ್ ಇರುವವರಿಗೆ. ನಿಮ್ಮ ಬಳಕೆಯ ಯಾವ ಮಾಹಿತಿಯನ್ನೂ ಬ್ರೌಸರ್ ತನ್ನ ಕಂಪನಿಗೆ ಕಳಿಸುವುದಿಲ್ಲ ಅನ್ನುವುದು ಅವರ ಮಾತು. ಜಾಹೀರಾತು ತಡೆ ಒಳಗೇ ಇದೆ. ಸ್ವಾರಸ್ಯ ಏನೆಂದರೆ ಓರಿಯನ್ ಕೂಡ ಪುಕ್ಕಟೆಯಾಗಿಯೇ ಸಿಗುತ್ತದೆ. ದುಡ್ಡು ಇರುವುದು 'ಓರಿಯನ್ ಪ್ಲಸ್'ಗೆ, ತಿಂಗಳಿಗೆ 5 ಡಾಲರ್, ವರ್ಷಕ್ಕೆ 50, ಜೀವನಪೂರ್ತಿಗೆ 150. ನಮ್ಮ ಲೆಕ್ಕದಲ್ಲಿ ತಿಂಗಳಿಗೆ ಸುಮಾರು 450, ವರ್ಷಕ್ಕೆ 4,500, ಜೀವನಪೂರ್ತಿಗೆ 13,500 ರೂಪಾಯಿ. ಅದರಲ್ಲಿ ಸಿಗುವುದು ಕೆಲವು ಹೆಚ್ಚಿನ ಸೌಕರ್ಯ. ಮುಖ್ಯವಾಗಿ, ಈ ಕೆಲಸ ನಡೆಯಲಿ ಅಂತ ಕೊಡುವ ಬೆಂಬಲ ಅದು.

ಹೀಗೆ ಬೆಂಬಲ ಕೊಡುವ ಮನಸ್ಸು ನನಗೆ ತುಂಬ ಇಷ್ಟ. ಫೈರ್‌ಫಾಕ್ಸ್‌ಗೂ ಕೊಡೋಣ ಅಂದರೆ ಒಂದು ತೊಡಕಿದೆ. ಮೊಜಿಲ್ಲಾ ಪ್ರತಿಷ್ಠಾನಕ್ಕೆ ಕೊಟ್ಟ ದೇಣಿಗೆ ಅವರ ಬೇರೆ ಸಾರ್ವಜನಿಕ ಕೆಲಸಗಳಿಗೆ ಹೋಗುತ್ತದೆ. ಫೈರ್‌ಫಾಕ್ಸ್ ಕಟ್ಟುವುದು ಮೊಜಿಲ್ಲಾದ್ದೇ ಬೇರೊಂದು ಕಂಪನಿ.

ಎರಡನೆಯ ಬಗೆ ಎಐ ಬ್ರೌಸರ್‌ಗಳದ್ದು. ಈಗ ಜಾಸ್ತಿ ಸದ್ದು ಮಾಡುತ್ತಿರುವುದು ಇವೇ.

ಇನ್ನೊಂದು ಮಾತು, ಕಟ್ಟುವ ರೀತಿ. ಬೆಲೆ ಡಾಲರ್‌ನಲ್ಲಿ ಇರುತ್ತದೆ. ಬೆಲೆಯ ಮೇಲೆ ತೆರಿಗೆ, ಬ್ಯಾಂಕಿನ ವಿದೇಶಿ ವಿನಿಮಯ ಶುಲ್ಕ ಸೇರಬಹುದು. ತಿಂಗಳು ತಿಂಗಳು ತಾನಾಗಿ ದುಡ್ಡು ಕಡಿತವಾಗುವುದಕ್ಕೆ ರಿಸರ್ವ್ ಬ್ಯಾಂಕಿನ ನಿಯಮವಿದೆ. ಮೊದಲ ಸಲ ನೀವು ಒಟಿಪಿ ಕೊಟ್ಟು ಒಪ್ಪಬೇಕು. ಆಮೇಲೆ ಪ್ರತಿ ಕಡಿತಕ್ಕೂ 24 ಗಂಟೆ ಮುಂಚೆ ಬ್ಯಾಂಕಿನಿಂದ ಸಂದೇಶ ಬರಬೇಕು. ಒಳ್ಳೆಯ ನಿಯಮ. ಆದರೆ ವಿದೇಶಿ ಕಂಪನಿಗಳ ಜತೆ ಎಲ್ಲ ಕಾರ್ಡ್‌ಗಳಲ್ಲೂ ಇದು ಸಲೀಸಾಗಿ ನಡೆಯುವುದಿಲ್ಲ. ವರ್ಷದ ದುಡ್ಡು ಒಟ್ಟಿಗೆ ಕಟ್ಟುವ ಮೊದಲು ಒಂದು ತಿಂಗಳು ಬಳಸಿ ನೋಡುವುದು ಕ್ಷೇಮ.

## ಎಐ ಬ್ರೌಸರ್‌ಗೆ ಯಾಕೆ ಅಷ್ಟು ದುಡ್ಡು?

ಮಾಮೂಲಿ ಬ್ರೌಸರ್ ಪುಟ ತೋರಿಸಿ ಸುಮ್ಮನಾಗುತ್ತದೆ. ಎಐ ಬ್ರೌಸರ್ ಆ ಪುಟವನ್ನು ಓದಿ ನಿಮ್ಮ ಜತೆ ಮಾತಾಡುತ್ತದೆ. 'ಈ 30 ಪುಟದ ಟೆಂಡರ್ ಕಾಗದದಲ್ಲಿ ಕೊನೆ ದಿನ ಯಾವುದು?' ಅಂದರೆ ಹುಡುಕಿ ಹೇಳುತ್ತದೆ. ಕೆಲವು ಇನ್ನೂ ಮುಂದೆ ಹೋಗಿ ನಿಮ್ಮ ಪರವಾಗಿ ಬಟನ್ ಒತ್ತುತ್ತವೆ, ಫಾರಂ ತುಂಬುತ್ತವೆ. ಹೀಗೆ ಕೆಲಸ ಮಾಡಿಕೊಡುವ ಭಾಗಕ್ಕೆ 'ಏಜೆಂಟ್' ಅನ್ನುತ್ತಾರೆ.

ಇಲ್ಲಿ ದುಡ್ಡು ಕೇಳಲು ಕಾರಣವಿದೆ. ನೀವು ಕೇಳುವ ಒಂದೊಂದು ಪ್ರಶ್ನೆಗೂ ಕಂಪನಿಯ ದೊಡ್ಡ ಕಂಪ್ಯೂಟರ್‌ಗಳು ದುಡಿಯಬೇಕು, ವಿದ್ಯುತ್ ಖರ್ಚಾಗುತ್ತದೆ. ಮಾಮೂಲಿ ಬ್ರೌಸರ್ ಕೆಲಸವೆಲ್ಲ ನಿಮ್ಮದೇ ಫೋನಿನಲ್ಲಿ ನಡೆಯುತ್ತದೆ, ನಿಮ್ಮದೇ ಚಾರ್ಜಿನಲ್ಲಿ. ಅದಕ್ಕೇ ಡಿಯಾ ಬ್ರೌಸರ್ 2025ರಲ್ಲಿ 'ಪ್ರೋ'ಗೆ ತಿಂಗಳಿಗೆ 20 ಡಾಲರ್ ಇಟ್ಟಿತು. ಒಪೆರಾ ನಿಯಾನ್ ಕೂಡ ಹೆಚ್ಚುಕಡಿಮೆ ಅಷ್ಟೇ. ಅಂದರೆ 1,800 ರೂಪಾಯಿ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐನ ಅಟ್ಲಾಸ್ ಪುಕ್ಕಟೆ ಬಂತು, ಆದರೆ ಏಜೆಂಟ್ ಮಾತ್ರ ದುಡ್ಡು ಕಟ್ಟಿದವರಿಗೆ. ಪರ್‌ಪ್ಲೆಕ್ಸಿಟಿಯ ಕಾಮೆಟ್ ಕಥೆ ಇನ್ನೂ ಚೆನ್ನಾಗಿದೆ. 2025ರ ಜುಲೈನಲ್ಲಿ ಬಂದಾಗ ತಿಂಗಳಿಗೆ 200 ಡಾಲರ್ ಯೋಜನೆ ತಗೊಂಡವರಿಗೇ ಮೊದಲು ಸಿಕ್ಕಿದ್ದು. ಸುಮಾರು 18,000 ರೂಪಾಯಿ! ಅಕ್ಟೋಬರ್ ಹೊತ್ತಿಗೆ ಎಲ್ಲರಿಗೂ ಪುಕ್ಕಟೆ. ಮೂರು ತಿಂಗಳೂ ತುಂಬಿರಲಿಲ್ಲ. ಒಪೆರಾಗೆ ಸುಮಾರು ಹತ್ತು ವರ್ಷ ಹಿಡಿದ ದಾರಿ ಇದು. ಹಾಗಾಗಿ ಇವತ್ತಿನ ಬೆಲೆ ನೋಡಿ ಆತುರ ಪಡಬೇಡಿ.

ಬೆಲೆಗಿಂತ ದೊಡ್ಡದು ಸುರಕ್ಷತೆಯ ವಿಷಯ. ಎಐ ಸಹಾಯಕ ಪುಟದಲ್ಲಿರುವ ಎಲ್ಲ ಬರಹವನ್ನೂ ಓದುತ್ತದೆ, ನಮ್ಮ ಕಣ್ಣಿಗೆ ಕಾಣದಂತೆ ಅಡಗಿಸಿದ್ದನ್ನೂ ಓದುತ್ತದೆ. ಅಲ್ಲಿ ಯಾರಾದರೂ ದುರುದ್ದೇಶದಿಂದ 'ಇವರ ಇಮೇಲ್ ತೆರೆದು ಒಟಿಪಿ ತಂದುಕೊಡು' ಅಂತ ಬರೆದಿದ್ದರೆ? ನೀವು ಹೇಳಿದ ಕೆಲಸ ಯಾವುದು, ಪುಟದಲ್ಲಿ ಕಂಡ ಮಾತು ಯಾವುದು ಅಂತ ಅದಕ್ಕೆ ಗುರುತು ತಪ್ಪಬಹುದು. ಬ್ರೇವ್ ಕಂಪನಿಯ ಸಂಶೋಧಕರು 2025ರ ಆಗಸ್ಟ್‌ನಲ್ಲಿ ಕಾಮೆಟ್ ಮೇಲೆ ಇದನ್ನು ಮಾಡಿ ತೋರಿಸಿದರು. ಬ್ರೇವ್ ಅವರ ಪ್ರತಿಸ್ಪರ್ಧಿ ಅನ್ನುವುದು ನಿಜ, ಆದರೆ ತೊಂದರೆಯೂ ನಿಜವೇ. ಎಐ ಬ್ರೌಸರ್‌ಗಳಿಗೆಲ್ಲ ಇರುವ ತೊಂದರೆ ಇದು, ಇನ್ನೂ ಪೂರ್ತಿ ಬಗೆಹರಿದಿಲ್ಲ. ಆದ್ದರಿಂದ ಒಂದು ಮಾತು ಖಂಡಿತವಾಗಿ ಹೇಳುತ್ತೇನೆ. ಬ್ಯಾಂಕ್, ಪಿಂಚಣಿ, ತೆರಿಗೆ ಕೆಲಸಕ್ಕೆ ಎಐ ಬ್ರೌಸರ್ ಬೇಡ. ಅದಕ್ಕೆ ಬೇರೆ ಮಾಮೂಲಿ ಬ್ರೌಸರ್ ಇಟ್ಟುಕೊಳ್ಳಿ.

## ದುಡ್ಡು ಕೊಟ್ಟರೂ ಬದಲಾಗದ್ದು

ಬ್ರೌಸರ್ ಬದಲಾಯಿಸಿದೆ, ಇನ್ನು ಯಾರಿಗೂ ನನ್ನ ಸುದ್ದಿ ಗೊತ್ತಾಗಲ್ಲ ಅಂದುಕೊಂಡರೆ ಅದು ಸರಿಯಲ್ಲ. ನಿಮ್ಮ ಜಿಮೇಲ್ ಖಾತೆಯಿಂದ ಲಾಗಿನ್ ಆಗಿ ಗೂಗಲ್‌ನಲ್ಲಿ ಹುಡುಕಿದರೆ, ಯಾವ ಬ್ರೌಸರ್ ಆದರೂ ಗೂಗಲ್‌ಗೆ ಗೊತ್ತಾಗುತ್ತದೆ. ಯೂಟ್ಯೂಬ್ ಆ್ಯಪ್‌ನಲ್ಲಿ ಬರುವ ಜಾಹೀರಾತಿಗೂ ಬ್ರೌಸರ್‌ಗೂ ಸಂಬಂಧವಿಲ್ಲ. ಫೇಸ್‌ಬುಕ್, ಇನ್‌ಸ್ಟಾಗ್ರಾಂನಲ್ಲಿ ಲಿಂಕ್ ಒತ್ತಿದರೆ ಸಾಮಾನ್ಯವಾಗಿ ಅದು ಆ ಆ್ಯಪ್‌ನ ಒಳಗೇ ತೆರೆಯುತ್ತದೆ. ನೀವು ದುಡ್ಡು ಕಟ್ಟಿದ ಬ್ರೌಸರ್ ಆಗ ಮೂಲೆಯಲ್ಲಿ ಸುಮ್ನೆ ಕೂತಿರುತ್ತದೆ. ನಮ್ಮಲ್ಲಿ ಬಹುತೇಕರ ದಿನ ಕಳೆಯುವುದು ಆ್ಯಪ್‌ಗಳಲ್ಲೇ, ಅಲ್ವಾ?

ನೋಡಿದ ಪುಟಗಳ ದಾಖಲೆ ಫೋನಿನಲ್ಲಿ ಉಳಿಸದ ಇನ್‌ಕಾಗ್ನಿಟೊ ಕಿಟಕಿ ಬಗ್ಗೆಯೂ ಹೇಳಬೇಕು. ಆ ಕಪ್ಪು ಕಿಟಕಿ ಮರೆಮಾಡುವುದು ನಿಮ್ಮದೇ ಫೋನ್ ಹಿಡಿಯುವ ಮನೆಯವರಿಂದ, ಅಷ್ಟೇ. ಇಂಟರ್ನೆಟ್ ಕೊಡುವ ಕಂಪನಿಗೆ ನೀವು ಯಾವ ತಾಣಕ್ಕೆ ಹೋದಿರಿ ಅಂತ ತಿಳಿಯುತ್ತದೆ. ಆ ತಾಣಕ್ಕೂ ನೀವು ಬಂದದ್ದು ಕಾಣುತ್ತದೆ. ಜನರಿಗೆ ಇದು ಸ್ಪಷ್ಟವಾಗಿರಲಿಲ್ಲ ಅಂತ ಅಮೆರಿಕದಲ್ಲಿ ಗೂಗಲ್ ಮೇಲೆ ಮೊಕದ್ದಮೆಯಾಯಿತು. ಹಾಗೆ ಸೇರಿಸಿಟ್ಟ ಅಪಾರ ಮಾಹಿತಿ ಅಳಿಸಲು 2024ರಲ್ಲಿ ಗೂಗಲ್ ಒಪ್ಪಿಕೊಂಡಿತು.

## ಒಂದು ರೂಪಾಯಿ ಖರ್ಚಿಲ್ಲದೆ ಎಷ್ಟು ಸಿಗುತ್ತದೆ?

ಸಾಕಷ್ಟು ಸಿಗುತ್ತದೆ. ಇದನ್ನು ನಿಧಾನವಾಗಿ ಓದಿ, ಫೋನ್ ಪಕ್ಕದಲ್ಲಿಟ್ಟುಕೊಂಡೇ ಓದಿ.

ಆಂಡ್ರಾಯ್ಡ್ ಫೋನಿನಲ್ಲಿ ಫೈರ್‌ಫಾಕ್ಸ್ ಹಾಕಿಕೊಳ್ಳಿ. ಅದಕ್ಕೆ ಯುಬ್ಲಾಕ್ ಒರಿಜಿನ್ ಅನ್ನುವ ಎಕ್ಸ್‌ಟೆನ್ಷನ್ ಸೇರಿಸಿ. ಎಕ್ಸ್‌ಟೆನ್ಷನ್ ಅಂದರೆ ಬ್ರೌಸರ್‌ಗೆ ಹೊರಗಿನಿಂದ ಜೋಡಿಸುವ ಸಣ್ಣ ಸಹಾಯಕ. ಬಹುಪಾಲು ಜಾಹೀರಾತು ಮತ್ತು ಹಿಂಬಾಲಿಸುವವರು ಅಲ್ಲೇ ನಿಲ್ಲುತ್ತಾರೆ. ಡೇಟಾ ಕೂಡ ಉಳಿಯುತ್ತದೆ. ಫೋನಿನ ಕ್ರೋಮ್‌ಗೆ ಇಂಥ ಎಕ್ಸ್‌ಟೆನ್ಷನ್ ಹಾಕುವ ಸೌಲಭ್ಯವೇ ಇಲ್ಲ. ಕಂಪ್ಯೂಟರ್‌ನ ಕ್ರೋಮ್‌ನಲ್ಲಿ ಇತ್ತು. ಆದರೆ ಎಕ್ಸ್‌ಟೆನ್ಷನ್‌ಗಳು ಏನು ಮಾಡಬಹುದು ಅನ್ನುವ ನಿಯಮವನ್ನು ಗೂಗಲ್ ಬಿಗಿ ಮಾಡಿದ್ದರಿಂದ, 2025ರಲ್ಲಿ ಪೂರ್ಣ ಶಕ್ತಿಯ ಯುಬ್ಲಾಕ್ ಒರಿಜಿನ್ ಅಲ್ಲಿ ನಿಂತುಹೋಯಿತು. ಈಗ ಇರುವುದು ಅದರ 'ಲೈಟ್' ರೂಪ. ಫೈರ್‌ಫಾಕ್ಸ್‌ನಲ್ಲಿ ಹಳೆಯದು ಇನ್ನೂ ನಡೆಯುತ್ತದೆ.

ಎಕ್ಸ್‌ಟೆನ್ಷನ್ ಗೋಜು ಬೇಡ ಅನ್ನುವವರಿಗೆ ಬ್ರೇವ್. ಹಾಕಿಕೊಂಡ ಕ್ಷಣದಿಂದ ತಡೆ ಶುರು. ನಮ್ಮ ದೇಶದ್ದೇ ಇರಲಿ ಅಂದರೆ ಜೋಹೊ ಕಂಪನಿಯ ಉಲಾ ಇದೆ. ಕ್ರೋಮಿಯಂ ಮೇಲೆ ಕಟ್ಟಿದ್ದು, ಜಾಹೀರಾತು ತಡೆಯೂ ಇದೆ. ಕೇಂದ್ರ ಸರ್ಕಾರದ ಭಾರತೀಯ ಬ್ರೌಸರ್ ಸ್ಪರ್ಧೆಯಲ್ಲಿ 2025ರಲ್ಲಿ ಜೋಹೊ ತಂಡಕ್ಕೆ ಮೊದಲ ಬಹುಮಾನ ಬಂತು, 1 ಕೋಟಿ ರೂಪಾಯಿ. ಉಲಾ ಅಂದರೆ ತಮಿಳಿನಲ್ಲಿ ಸಂಚಾರ.

ಕ್ರೋಮ್ ಬಿಡಲು ಮನಸ್ಸಿಲ್ಲವೇ? ಬಿಡಬೇಕಿಲ್ಲ. ಪುಟವನ್ನು ಕನ್ನಡಕ್ಕೆ ತಿರುಗಿಸಿ ಓದುವ ಸೌಕರ್ಯ ಅದರಲ್ಲಿ ಕೈಗೆಟುಕುವಂತಿದೆ, ಇಂಗ್ಲಿಷ್ ಕಷ್ಟ ಅನ್ನುವವರಿಗೆ ಅದು ದೊಡ್ಡದು. ಮೇಲಿನ ಮೂರು ಚುಕ್ಕಿ ಒತ್ತಿ ಸೆಟ್ಟಿಂಗ್ಸ್‌ಗೆ ಹೋಗಿ. ಸೈಟ್ ಸೆಟ್ಟಿಂಗ್ಸ್ ಒಳಗೆ ಥರ್ಡ್ ಪಾರ್ಟಿ ಕುಕೀಸ್ ತಡೆಯುವ ಆಯ್ಕೆ ಒತ್ತಿ. ಸರ್ಚ್ ಎಂಜಿನ್ ಅನ್ನುವಲ್ಲಿ ಬೇಕಾದರೆ ಬೇರೆಯದನ್ನು ಆರಿಸಿ. ಎಲ್ಲ ಸೇರಿ ಎರಡು ನಿಮಿಷದ ಕೆಲಸ. ಆ ಬಸ್ಸು ಈಗ ನೀವು ಹೇಳಿದ ಹೋಟೆಲಿನ ಮುಂದೆ ನಿಲ್ಲುತ್ತದೆ.

ಜಾಹೀರಾತು ತಡೆಯುವಾಗ ನನಗೆ ಒಂದು ಸಂಕಟ ಇದ್ದೇ ಇದೆ. ನಮ್ಮ ಮಂಡ್ಯ, ಮೈಸೂರಿನ ಸಣ್ಣ ಸುದ್ದಿತಾಣಗಳು ಬದುಕಿರುವುದೇ ಆ ದುಡ್ಡಿನಲ್ಲಿ. ನೀವು ದಿನಾ ಓದುವ, ನಂಬುವ ತಾಣ ಇದ್ದರೆ ಅದೊಂದಕ್ಕೆ ತಡೆ ತೆಗೆಯಿರಿ. ಪ್ರತಿ ಬ್ಲಾಕರ್‌ನಲ್ಲೂ ತಾಣಕ್ಕೊಂದು ಬೇರೆ ಗುಂಡಿ ಇರುತ್ತದೆ.

## ಹಾಗಾದರೆ ದುಡ್ಡು ಕೊಡುವುದು ಯಾರಿಗೆ ಸರಿ?

ಗೋಪ್ಯತೆಗಾಗಿ ಮಾತ್ರ ಅಂದರೆ ಬೇಡ. ಮೇಲೆ ಹೇಳಿದ್ದೇ ಸಾಕು. ವೇಗಕ್ಕಾಗಿ ಅಂದರೂ ಬೇಡ. ಮಕ್ಕಳ ಓದು, ಸೇವಾಸಿಂಧು ಅರ್ಜಿ, ಪತ್ರಿಕೆ, ರೈಲು ಟಿಕೆಟ್ ಇಷ್ಟಕ್ಕೆ ಬಳಸುವ ಮನೆಗೆ ವರ್ಷಕ್ಕೆ 4,500 ರೂಪಾಯಿ ಖರ್ಚು ಮಾಡುವ ಕಾರಣವೇ ಇಲ್ಲ.

ಮೇಷ್ಟ್ರ ಸೊಸೆಯ ವಿಷಯ ಬೇರೆ. ಅವರನ್ನೇ ಕೇಳಿದೆ. ಕಟ್ಟುವುದು ಓರಿಯನ್ ಪ್ಲಸ್‌ಗೆ. ದಿನಕ್ಕೆ ಒಂಬತ್ತು ಗಂಟೆ ಮ್ಯಾಕ್ ಮುಂದೆ, ಕೆಲಸವೆಲ್ಲ ಬ್ರೌಸರ್‌ನಲ್ಲೇ. ಮೂರು ಯೋಜನೆಗಳ ಐವತ್ತು ಅರವತ್ತು ಟ್ಯಾಬ್ ತೆರೆದಿರುತ್ತವೆ. "ಅವನ್ನು ಜೋಡಿಸಿ ಇಡೋಕೆ ಇದು ಸಹಾಯ ಮಾಡುತ್ತೆ ಸರ್. ದಿನಕ್ಕೆ ಹತ್ತು ನಿಮಿಷ ಉಳಿದರೂ ನನಗೆ 450 ರೂಪಾಯಿ ಹೆಚ್ಚಲ್ಲ. ಜಾಹೀರಾತಿನವರ ದುಡ್ಡಿಲ್ಲದೆ ಒಂದು ಬ್ರೌಸರ್ ಉಳೀಲಿ ಅಂತಾನೂ ಕೊಡ್ತೀನಿ," ಅಂದರು. ಈ ಲೆಕ್ಕ ನನಗೆ ಸರಿ ಕಂಡಿತು. ಬಡಗಿ ಒಳ್ಳೆಯ ಉಳಿಗೆ ದುಡ್ಡು ಕೊಟ್ಟ ಹಾಗೆ ಅದು. ಎಐ ಬ್ರೌಸರ್‌ಗೂ ಇದೇ ಲೆಕ್ಕ ಹಾಕಬಹುದು. ದಿನಾ ಉದ್ದುದ್ದ ಕಾಗದಪತ್ರ ಓದುವ ವಕೀಲರಿಗೆ, ಸಂಶೋಧನೆ ಮಾಡುವವರಿಗೆ ಉಪಯೋಗವಾಗಬಹುದು. ಮೊದಲು ಪುಕ್ಕಟೆ ರೂಪ ಬಳಸಿ, ಅದರ ಮಿತಿ ದಿನಾ ಅಡ್ಡ ಬರುತ್ತಿದೆ ಅನ್ನಿಸಿದಾಗ ಮಾತ್ರ ದುಡ್ಡಿನ ಯೋಚನೆ ಮಾಡಿ.

## ಮೇಷ್ಟ್ರ ಫೋನಿನಲ್ಲಿ ಇದ್ದದ್ದು

ಅವರ ಜಾಹೀರಾತಿನ ಕಾಟಕ್ಕೆ ಮರಳಿ ಬರುತ್ತೇನೆ. ಫೋನ್ ಇಸಕೊಂಡು ನೋಡಿದೆ. ಮೇಲಿನಿಂದ ಪಟಪಟ ಅಂತ ಸಂದೇಶ ಬೀಳುತ್ತಿದ್ದವು. ಬೆಟ್ಟಿಂಗ್, ತಕ್ಷಣದ ಸಾಲ, 'ನಿಮ್ಮ ಫೋನಿಗೆ ವೈರಸ್ ಬಂದಿದೆ' ಅನ್ನುವ ಕೆಂಪು ಅಕ್ಷರ. ಇವು ಪುಟದೊಳಗಿನ ಜಾಹೀರಾತಲ್ಲ, ನೋಟಿಫಿಕೇಶನ್‌ಗಳು. ಯಾವುದೋ ಪುಟ ತೆರೆದಾಗ 'ಅಲೌ' (ಅನುಮತಿ ಕೊಡಿ) ಅಂತ ಕೇಳಿದೆ, ಓದಬೇಕಾದರೆ ಒತ್ತಲೇಬೇಕೇನೋ ಅಂತ ಇವರು ಒತ್ತಿದ್ದಾರೆ. ಹೀಗೆ ಹನ್ನೊಂದು ತಾಣಗಳಿಗೆ ಅನುಮತಿ ಕೊಟ್ಟಿದ್ದರು.

ಕ್ರೋಮ್‌ನ ಮೂರು ಚುಕ್ಕಿ, ಸೆಟ್ಟಿಂಗ್ಸ್, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಶನ್ಸ್. ಅಲ್ಲಿ ಪಟ್ಟಿ ಕಾಣುತ್ತದೆ. ಒಂದೊಂದೇ ತೆಗೆದೆವು. ಕೊನೆಗೆ, ಇನ್ನು ಮುಂದೆ ಯಾವ ತಾಣವೂ ಕೇಳದ ಹಾಗೆ ಮೇಲಿನ ಗುಂಡಿಯನ್ನೂ ಆಫ್ ಮಾಡಿದೆವು. ವೈರಸ್ ಅಂತ ಹೆದರಿಸುವ ಇಂಥ ಸಂದೇಶ ನಂಬಿ ಯಾರಾದರೂ ದುಡ್ಡು ಕಳೆದುಕೊಂಡರೆ ತಡಮಾಡದೆ 1930ಕ್ಕೆ ಫೋನ್ ಮಾಡಬೇಕು, ಅದು ಸೈಬರ್ ವಂಚನೆಯ ಸಹಾಯವಾಣಿ.

ಮೇಷ್ಟ್ರು ಒಂದೆರಡು ನಿಮಿಷ ಫೋನನ್ನೇ ನೋಡುತ್ತಾ ಕೂತರು. ಏನೂ ಬರಲಿಲ್ಲ. "ಫೈರ್‌ಫಾಕ್ಸೂ ಹಾಕ್ಕೊಡು," ಅಂದರು. ಮರುದಿನ ಬೆಳಗ್ಗೆ ಹೆಂಡತಿಯ ಫೋನನ್ನೂ ತಂದಿದ್ದರು. ಅದರಲ್ಲಿ ಹದಿನಾಲ್ಕು ತಾಣಗಳಿದ್ದವು.